ಸಿಲಿಂಡರ್ ಪವರ್ ಇದ್ದವರಿಗೆ ಕಾಂಟ್ಯಾಕ್ಟ್ ಲೆನ್ಸ್ ಆಗುತ್ತದಾ?

ಪ್ರಶ್ನೆ: ನನಗೆ 41 ವರ್ಷ, ಶಾಲಾ ಶಿಕ್ಷಕಿ. ಹನ್ನೆರಡನೇ ವಯಸ್ಸಿನಿಂದ ಕನ್ನಡಕ ಹಾಕುತ್ತಿದ್ದೇನೆ. ಈಗ ಬಲಗಣ್ಣಿಗೆ ಮೈನಸ್ 6. ಎಡಗಣ್ಣಿಗೆ ಮೈನಸ್ 4.50, ಜೊತೆಗೆ ಸಿಲಿಂಡರ್ ಮೈನಸ್ 1.25. ದಿನವಿಡೀ ಮೂಗಿನ ಮೇಲೆ ಭಾರ, ಬೆವರಿದರೆ ಜಾರುತ್ತದೆ. ಕೆಲವು ವರ್ಷಗಳ ಹಿಂದೆ ಲೆನ್ಸ್ ಹಾಕಿ ನೋಡಿದ್ದೆ. ಬಲಗಣ್ಣು ಚೆನ್ನಾಗಿ ಕಾಣುತ್ತಿತ್ತು. ಎಡಗಣ್ಣಲ್ಲಿ ಮಾತ್ರ ಪ್ರತಿ ಅಕ್ಷರಕ್ಕೂ ಒಂದು ನೆರಳು. ‘ಸಿಲಿಂಡರ್ ಇದ್ದವರಿಗೆ ಲೆನ್ಸ್ ಆಗಲ್ಲ’ ಅಂದರು, ಬಿಟ್ಟುಬಿಟ್ಟೆ. ಈಗ ಮತ್ತೆ ಆಸೆಯಾಗಿದೆ. ಲೆನ್ಸ್ ಹಾಕುತ್ತಾ ಹೋದರೆ ಪವರ್ ಇಳಿಯುತ್ತದೆ ಅಂತ ಗೆಳತಿ ಹೇಳುತ್ತಾಳೆ. ಕಣ್ಣಿನ ಹಿಂದೆ ಹೋಗಿ ಸಿಕ್ಕಿಕೊಂಡರೆ ಏನು ಗತಿ ಅಂತ ಅತ್ತೆ ಹೆದರಿಸುತ್ತಾರೆ. ಇಷ್ಟು ದಪ್ಪ ಕನ್ನಡಕದ ಕೆಲಸವನ್ನು ಅಷ್ಟು ತೆಳುವಾದ ಲೆನ್ಸ್ ಹೇಗೆ ಮಾಡುತ್ತದೆ ಅನ್ನೋದೇ ನನಗೆ ಅರ್ಥವಾಗಿಲ್ಲ. ಕಣ್ಣಿಗೆ ನಿಜಕ್ಕೂ ಅಪಾಯ ಇದೆಯಾ? ಇನ್ನೊಂದು ವಿಷಯ. 11 ವರ್ಷದ ಮಗಳಿಗೂ ಮೈನಸ್ 2 ಬಂದಿದೆ. ಅವಳಿಗೆ ಈಗಲೇ ಲೆನ್ಸ್ ಹಾಕಿಸಬಹುದಾ?

ಉತ್ತರ: ನಿಮ್ಮ ಎಡಗಣ್ಣಿನಿಂದಲೇ ಶುರು ಮಾಡುತ್ತೇನೆ. ನೀವು ಲೆನ್ಸ್ ಬಿಟ್ಟಿದ್ದೇ ಅದರಿಂದಾಗಿ ಅಲ್ವಾ? ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ್ದನ್ನು ತಿದ್ದುವ ಪವರ್) ಇದ್ದವರಿಗೆ ಲೆನ್ಸ್ ಆಗುವುದಿಲ್ಲ ಅನ್ನುವ ಮಾತು ತಪ್ಪು. ನೀವು ಹೇಳುತ್ತಿರುವ ಆ ‘ನೆರಳು’ ನೋಡಿದರೆ, ನಿಮಗೆ ಆಗ ಕೊಟ್ಟಿದ್ದು ಸಿಲಿಂಡರ್ ಇಲ್ಲದ ಸಾದಾ ಲೆನ್ಸ್ ಇರಬೇಕು. ಅಥವಾ ಸಿಲಿಂಡರ್ ಲೆನ್ಸೇ ಆಗಿದ್ದರೂ ಕಣ್ಣಿನ ಮೇಲೆ ತಿರುಗಿ ಕೂತಿರಬೇಕು. ಎರಡಕ್ಕೂ ಪರಿಹಾರ ಇದೆ. ಆದರೆ ಅದು ಅರ್ಥವಾಗಬೇಕಾದರೆ ಲೆನ್ಸ್ ಕಣ್ಣಲ್ಲಿ ಏನು ಮಾಡುತ್ತದೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕರಿಗುಡ್ಡೆಯ ಮೇಲೆ, ಗಡಿಯಾರದ ಮುಳ್ಳುಗಳ ಮೇಲೆ ಗಾಜು ಇರುವ ಹಾಗೆ, ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ಬೆಳಕನ್ನು ಬಗ್ಗಿಸುವ ಕೆಲಸದಲ್ಲಿ ದೊಡ್ಡ ಪಾಲು ಅದರದೇ. ಪವರ್ ಅಳೆಯುವ ಮಾನ ಡಯಾಪ್ಟರ್, ನಿಮ್ಮ ಮೈನಸ್ 6 ಕೂಡ ಅದರಲ್ಲೇ. ಇಡೀ ಕಣ್ಣಿನ ಪವರ್ ಸುಮಾರು 60 ಡಯಾಪ್ಟರ್ ಅಂದುಕೊಂಡರೆ, ಅದರಲ್ಲಿ 43ರಷ್ಟು ಈ ಕಾರ್ನಿಯಾದಿಂದ ಬರುತ್ತದೆ. ಉಳಿದದ್ದು ಕಣ್ಣೊಳಗಿರುವ ಮಸೂರದ್ದು. ಹೀಗೆ ಬಗ್ಗಿದ ಬೆಳಕು ಕಣ್ಣಿನ ಹಿಂಭಾಗದ ರೆಟಿನಾ ಪರದೆಯ ಮೇಲೆ ಸರಿಯಾಗಿ ಒಂದೆಡೆ ಸೇರಬೇಕು.

ಮೈನಸ್ ಪವರ್ ಇರುವ ಹೆಚ್ಚಿನವರಲ್ಲಿ ಕಣ್ಣುಗುಡ್ಡೆ ಹಿಂದಕ್ಕೆ ಸ್ವಲ್ಪ ಉದ್ದವಾಗಿ ಬೆಳೆದಿರುತ್ತದೆ. ಸಾಮಾನ್ಯ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಒಂದು ಮಿಲಿಮೀಟರ್ ಜಾಸ್ತಿಯಾದರೆ 2.5ರಿಂದ 3 ಡಯಾಪ್ಟರ್ ಮೈನಸ್ ಬರುತ್ತದೆ. ಅಂದರೆ ನಿಮ್ಮ ಬಲಗಣ್ಣು ಹೆಚ್ಚುಕಡಿಮೆ 2 ಮಿಲಿಮೀಟರ್ ಉದ್ದ ಇರಬಹುದು. ಅಷ್ಟಕ್ಕೇ ಬೆಳಕು ಪರದೆ ಮುಟ್ಟುವ ಮೊದಲೇ ಸೇರಿಬಿಡುತ್ತದೆ, ದೂರದ್ದು ಮಸುಕಾಗುತ್ತದೆ. ಮೈನಸ್ ಲೆನ್ಸ್ ಬೆಳಕನ್ನು ಸ್ವಲ್ಪ ಹರಡಿ ಒಳಗೆ ಕಳಿಸುತ್ತದೆ. ಆಗ ಅದು ಸೇರುವ ಜಾಗ ಹಿಂದಕ್ಕೆ ಸರಿದು ಪರದೆಗೆ ತಾಗುತ್ತದೆ. ಪ್ಲಸ್ ಪವರ್ ಇರುವವರಲ್ಲಿ ಇದೇ ಲೆಕ್ಕ ಉಲ್ಟಾ.

ಹಾಗಾದರೆ ಅಷ್ಟು ತೆಳುವಾದ ಲೆನ್ಸ್ ಸಾಕಾಗುವುದು ಹೇಗೆ? ಈ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಲೆನ್ಸ್‌ನ ಪವರ್ ಇರುವುದು ಅದರ ದಪ್ಪದಲ್ಲಿ ಅಲ್ಲ, ಎರಡು ಮೇಲ್ಮೈಗಳ ಬಾಗುವಿಕೆಯ ವ್ಯತ್ಯಾಸದಲ್ಲಿ. ಆ ವ್ಯತ್ಯಾಸವನ್ನು ಎಷ್ಟು ಅಗಲಕ್ಕೆ ಎಳೆಯುತ್ತೀರೋ ಅಂಚು ಅಷ್ಟು ದಪ್ಪವಾಗುತ್ತದೆ. ಮೈನಸ್ 6ರ ಸಾದಾ ಕನ್ನಡಕದ ಗಾಜು 50 ಮಿಲಿಮೀಟರ್ ಅಗಲ ಇದ್ದರೆ, ಅದರ ಅಂಚು ನಡುಭಾಗಕ್ಕಿಂತ ಸುಮಾರು 4 ಮಿಲಿಮೀಟರ್ ದಪ್ಪ ಬರುತ್ತದೆ. ಅದೇ ಪವರನ್ನು ಕಣ್ಣಿನ ಪಾಪೆಯ ಎದುರಿನ 8 ಮಿಲಿಮೀಟರ್ ಅಗಲಕ್ಕೆ ಮಾತ್ರ ಮಾಡಿದರೆ ವ್ಯತ್ಯಾಸ ಸುಮಾರು 0.1 ಮಿಲಿಮೀಟರ್ ಅಷ್ಟೇ. ಕನ್ನಡಕ ಕಣ್ಣಿನಿಂದ ದೂರ ಇರುವುದರಿಂದ, ನೀವು ಎತ್ತ ನೋಡಿದರೂ ಗಾಜು ಎದುರಿಗಿರಲಿ ಅಂತ ಅದನ್ನು ಅಗಲ ಮಾಡಬೇಕು. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಜೊತೆಗೇ ತಿರುಗುತ್ತದೆ. ಹಾಗಾಗಿ ಅದಕ್ಕೆ ಆ ಅಗಲವೇ ಬೇಡ.

ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ಕೂರುತ್ತದೆ. ಇದೂ ಸಣ್ಣ ವಿಷಯ ಅಲ್ಲ. ಮೈನಸ್ 6ರ ಕನ್ನಡಕದಲ್ಲಿ ಎಲ್ಲವೂ ಶೇಕಡಾ 7ರಷ್ಟು ಚಿಕ್ಕದಾಗಿ ಕಾಣುತ್ತದೆ. ಲೆನ್ಸ್ ಹಾಕಿದ ದಿನ ಜಗತ್ತು ದೊಡ್ಡದಾಯಿತು ಅಂತ ಜನ ಹೇಳುವುದು ಸುಮ್ನೆ ಅಲ್ಲ. ಕಣ್ಣಿಗೆ ಹತ್ತಿರವಾದಷ್ಟೂ ಮೈನಸ್ ಕಡಿಮೆ ಸಾಕಾಗುತ್ತದೆ. ನಿಮ್ಮ ಬಲಗಣ್ಣಿನ ಮೈನಸ್ 6, ಲೆನ್ಸ್‌ನಲ್ಲಿ 5.50ರ ಹತ್ತಿರ ಆಗುತ್ತದೆ. ಎಡಗಣ್ಣಿನ 4.50, ಸುಮಾರು 4.25. ಇದನ್ನು ನೋಡಿಯೇ ಕೆಲವರು ‘ಲೆನ್ಸ್ ಹಾಕಿದರೆ ಪವರ್ ಇಳಿಯುತ್ತದೆ’ ಅಂತ ತಿಳಿಯುತ್ತಾರೆ. ನಿಮ್ಮ ಗೆಳತಿಗೂ ಹಾಗೇ ಆಗಿರಬಹುದು. ಇಳಿದದ್ದು ಚೀಟಿಯ ಮೇಲಿನ ಸಂಖ್ಯೆ, ಕಣ್ಣಿನ ಉದ್ದ ಅಲ್ಲ. ಲೆನ್ಸ್ ತೆಗೆದ ಕೂಡಲೇ ಕಣ್ಣು ಮೊದಲಿನ ಹಾಗೇ ಇರುತ್ತದೆ. ಕನ್ನಡಕದ ಚೀಟಿ ಹಿಡಿದುಕೊಂಡು ಅದೇ ನಂಬರಿನ ಲೆನ್ಸ್ ತರಬಾರದು ಅನ್ನುವುದಕ್ಕೂ ಇದೇ ಕಾರಣ.

ಈಗ ಸಿಲಿಂಡರ್. ಕೆಲವರ ಕಾರ್ನಿಯಾ ಚೆಂಡಿನ ಹಾಗೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಬಾಗಿರುವುದಿಲ್ಲ. ಒಂದು ದಿಕ್ಕಿನಲ್ಲಿ ಜಾಸ್ತಿ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕಡಿಮೆ. ಆಗ ಬೆಳಕು ಒಂದು ಬಿಂದುವಿಗೆ ಸೇರುವುದೇ ಇಲ್ಲ. ಅಕ್ಷರಕ್ಕೆ ನೆರಳು, ದೀಪಕ್ಕೆ ಬಾಲ. ಸಾದಾ ಮೆತ್ತನೆಯ ಲೆನ್ಸ್ ಒದ್ದೆ ಬಟ್ಟೆಯ ಹಾಗೆ ಕಾರ್ನಿಯಾದ ಆಕಾರವನ್ನೇ ತಾನೂ ತಳೆಯುತ್ತದೆ. ಒಳಗಿನ ಓರೆ ಹಾಗೇ ಹೊರಗೂ ಬರುತ್ತದೆ. ನಿಮಗೆ ಆಗಿದ್ದು ಇದೇ ಇರಬೇಕು.

ಇದಕ್ಕೆ ಟೋರಿಕ್ ಲೆನ್ಸ್ ಇದೆ. ಎರಡು ದಿಕ್ಕಿಗೆ ಎರಡು ಪವರ್. ಕಷ್ಟ ಇರುವುದು ಒಂದೇ ಕಡೆ. ಕನ್ನಡಕದ ಗಾಜು ಚೌಕಟ್ಟಿನಲ್ಲಿ ಅಲುಗದೆ ಕೂತಿರುತ್ತದೆ, ಲೆನ್ಸ್ ಹಾಗಲ್ಲ. ಅದು ಕಣ್ಣೀರಿನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಪ್ರತಿ ಸಲ ರೆಪ್ಪೆ ಮುಚ್ಚಿ ತೆರೆದಾಗಲೂ ಅಲುಗುತ್ತದೆ. ತಿರುಗಬಾರದು ಅಂತ ಅದರ ಕೆಳಭಾಗವನ್ನು ಸ್ವಲ್ಪ ದಪ್ಪ ಮಾಡಿರುತ್ತಾರೆ, ಅಥವಾ ಮೇಲೆ ಕೆಳಗೆ ತೆಳು ಮಾಡಿ ರೆಪ್ಪೆಗಳೇ ಅದನ್ನು ನೆಟ್ಟಗೆ ಹಿಡಿಯುವ ಹಾಗೆ ಮಾಡಿರುತ್ತಾರೆ. ಆದರೂ 10 ಡಿಗ್ರಿ ತಿರುಗಿದರೆ ಸಿಲಿಂಡರ್‌ನ ಮೂರನೇ ಒಂದು ಭಾಗ ತಿದ್ದದೆ ಉಳಿಯುತ್ತದೆ. 30 ಡಿಗ್ರಿ ತಿರುಗಿದರೆ ಮೊದಲು ಇದ್ದಷ್ಟೇ ಸಿಲಿಂಡರ್ ಬೇರೆ ದಿಕ್ಕಿನಲ್ಲಿ ಉಳಿಯುತ್ತದೆ, ಹಾಕಿಯೂ ಪ್ರಯೋಜನ ಇಲ್ಲ. ಅದಕ್ಕೇ ಟೋರಿಕ್ ಲೆನ್ಸ್ ಮೇಲೆ ಸಣ್ಣ ಗುರುತು ಇರುತ್ತದೆ. ಲೆನ್ಸ್ ಹಾಕಿ ಒಂದಷ್ಟು ಹೊತ್ತು ಬಿಟ್ಟು, ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ಆ ಗುರುತು ಎಲ್ಲಿ ನಿಂತಿದೆ ಅಂತ ನೋಡಬೇಕು. ವಾಲಿದ್ದರೆ ಅಷ್ಟು ಡಿಗ್ರಿ ಲೆಕ್ಕ ಹಾಕಿ ಬೇರೆ ಆಕ್ಸಿಸ್‌ನ (ಸಿಲಿಂಡರ್ ಕೂರುವ ಕೋನದ) ಲೆನ್ಸ್ ಕೊಡಬೇಕು, ಅಥವಾ ಬೇರೆ ವಿನ್ಯಾಸದ್ದು. ಒಂದನ್ನು ಹಾಕಿ ನೋಡಿ ‘ಆಗಲ್ಲ’ ಅನ್ನುವುದು ಸರಿಯಲ್ಲ. ನನ್ನಲ್ಲಿ ಬಂದವರಿಗೆ ಎರಡನೆಯದೋ ಮೂರನೆಯದೋ ಲೆನ್ಸ್ ಸರಿಹೊಂದಿದ್ದು ಎಷ್ಟೋ ಸಲ.

ಇನ್ನೊಂದು ದಾರಿ ಗಟ್ಟಿ ಲೆನ್ಸ್. ಗಾಳಿ ಹಾಯಲು ಬಿಡುವ ಗಟ್ಟಿ ಪ್ಲಾಸ್ಟಿಕ್‌ನದು, ಕಾರ್ನಿಯಾಗಿಂತ ಚಿಕ್ಕದು. ಇದು ಕಾರ್ನಿಯಾದ ಓರೆಗೆ ಬಗ್ಗುವುದಿಲ್ಲ, ತನ್ನ ಆಕಾರ ಬಿಡುವುದಿಲ್ಲ. ನಡುವೆ ಉಳಿಯುವ ಏರುತಗ್ಗನ್ನು ನಿಮ್ಮ ಕಣ್ಣೀರು ತುಂಬಿಕೊಳ್ಳುತ್ತದೆ. ಕಣ್ಣೀರು ಬೆಳಕನ್ನು ಬಗ್ಗಿಸುವ ಪ್ರಮಾಣ ಕಾರ್ನಿಯಾದ್ದಕ್ಕೆ ತುಂಬ ಹತ್ತಿರ. ಹೀಗಾಗಿ ಕಾರ್ನಿಯಾದಿಂದ ಬಂದ ಸಿಲಿಂಡರ್ ಬಹುಪಾಲು ಅಳಿಸಿಹೋಗುತ್ತದೆ. ಅಂದರೆ ಅಲ್ಲಿ ದೃಷ್ಟಿ ತಿದ್ದುವುದರಲ್ಲಿ ನಿಮ್ಮ ಕಣ್ಣೀರಿಗೇ ಒಂದು ಪಾಲು ಇದೆ. ಇಷ್ಟು ವರ್ಷ ಈ ಕೆಲಸ ಮಾಡಿದರೂ ನನಗೆ ಇದು ಈಗಲೂ ಅಚ್ಚರಿ. ಕಾರ್ನಿಯಾ ಕೋನಿನ ಹಾಗೆ ಚೂಪಾಗುವ ಕೆರಟೋಕೋನಸ್ ಇರುವವರಿಗೆ ಕನ್ನಡಕದಲ್ಲಿ ಸಿಗದ ದೃಷ್ಟಿ ಗಟ್ಟಿ ಲೆನ್ಸ್‌ನಲ್ಲಿ ಸಿಗುವುದೂ ಹೀಗೆಯೇ. ತೊಂದರೆ ಅಂದರೆ ಮೊದಲ ಒಂದೆರಡು ವಾರ ಕಣ್ಣಲ್ಲಿ ಏನೋ ಇದೆ ಅನ್ನಿಸುತ್ತದೆ. ಧೂಳು ಹೊಕ್ಕರೆ ಚುಚ್ಚುತ್ತದೆ. ನಿಮ್ಮ 1.25ಕ್ಕೆ ನಾನಾದರೆ ಮೊದಲು ಮೆತ್ತನೆಯ ಟೋರಿಕ್ ಲೆನ್ಸನ್ನೇ ನೋಡುತ್ತೇನೆ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳಲೇಬೇಕು. ನಿಮಗೆ 41. ಚಾಳೀಸಿನ ಬಾಗಿಲಲ್ಲಿದ್ದೀರಿ. ಹತ್ತಿರದ್ದನ್ನು ನೋಡಲು ಕಣ್ಣೊಳಗಿನ ಮಸೂರ ಉಬ್ಬಬೇಕು. ನಲವತ್ತರ ಆಚೀಚೆ ಅದರ ಆ ಶಕ್ತಿ ಕುಂದುತ್ತದೆ, ಎಲ್ಲರಿಗೂ. ಮೈನಸ್ ಕನ್ನಡಕ ಹಾಕುವವರಿಗೆ ಇಲ್ಲಿ ಗೊತ್ತಿಲ್ಲದೇ ಒಂದು ರಿಯಾಯಿತಿ ಸಿಗುತ್ತಿರುತ್ತದೆ. 40 ಸೆಂಟಿಮೀಟರ್ ದೂರದ ಪುಸ್ತಕ ಓದಲು ಕಣ್ಣು 2.5 ಡಯಾಪ್ಟರ್ ಶ್ರಮ ಪಡಬೇಕು. ಮೈನಸ್ 6ರ ಕನ್ನಡಕದೊಳಗಿಂದ ಓದುವಾಗ ಸುಮಾರು 2.2 ಸಾಕು. ಲೆನ್ಸ್ ಹಾಕಿದ ದಿನ ಆ ರಿಯಾಯಿತಿ ಹೋಗುತ್ತದೆ. ಅಲ್ಲದೆ, ಸಣ್ಣ ಅಕ್ಷರ ಬಂದಾಗ ಕನ್ನಡಕ ತೆಗೆದು ಹತ್ತಿರ ಹಿಡಿದು ಓದುವ ಅಭ್ಯಾಸ ನಿಮಗೂ ಇರಬಹುದು. ನಿಮ್ಮ ಬಲಗಣ್ಣು ಕನ್ನಡಕ ಇಲ್ಲದೆ ಸುಮಾರು 17 ಸೆಂಟಿಮೀಟರ್ ದೂರದಲ್ಲಿ ಏನೂ ಕಷ್ಟಪಡದೆ ಓದುತ್ತದೆ. ಲೆನ್ಸ್ ಹಾಕಿಕೊಂಡು ಹಾಗೆ ಮಾಡಲಾಗದು. ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ‘ಲೆನ್ಸ್ ಹಾಕಿದ ಮೇಲೆ ಹತ್ತಿರದ್ದು ಹಾಳಾಯಿತು’ ಅನ್ನಿಸಬಹುದು. ಲೆನ್ಸ್ ಕಣ್ಣು ಕೆಡಿಸಿದ್ದಲ್ಲ ಅದು. ಮುಂಚೆಯೇ ಗೊತ್ತಿದ್ದರೆ ಗಾಬರಿಯಾಗುವುದಿಲ್ಲ.

ಇದಕ್ಕೆ ಮೂರು ದಾರಿ. ಲೆನ್ಸ್ ಮೇಲೆಯೇ ಓದಲು ಮಾತ್ರ ಒಂದು ಸಣ್ಣ ಪ್ಲಸ್ ಕನ್ನಡಕ. ದೃಷ್ಟಿ ಅತಿ ಸ್ಪಷ್ಟ ಇರುವುದು ಇದರಲ್ಲೇ, ಆದರೆ ಕನ್ನಡಕ ಬೇಡ ಅಂತ ಬಂದವರಿಗೆ ಬೇಸರ. ಎರಡನೆಯದು ಮೊನೋವಿಷನ್: ಒಂದು ಕಣ್ಣಿಗೆ ದೂರದ ಪವರ್, ಇನ್ನೊಂದಕ್ಕೆ ಹತ್ತಿರದ್ದು. ಕೆಲವರ ಮೆದುಳು ವಾರದಲ್ಲಿ ಹೊಂದಿಕೊಳ್ಳುತ್ತದೆ, ಕೆಲವರದ್ದು ಹೊಂದುವುದೇ ಇಲ್ಲ. ದೂರ ಅಳೆಯುವ ಶಕ್ತಿ ತುಸು ಕುಂದುತ್ತದೆ. ರಾತ್ರಿ ಗಾಡಿ ಓಡಿಸುವವರಿಗೆ ನಾನು ಇದನ್ನು ಅಷ್ಟಾಗಿ ಹೇಳುವುದಿಲ್ಲ. ಮೂರನೆಯದು ಮಲ್ಟಿಫೋಕಲ್ ಲೆನ್ಸ್. ಅದರಲ್ಲಿ ದೂರ, ಹತ್ತಿರ ಎರಡರ ಬೆಳಕೂ ಏಕಕಾಲಕ್ಕೆ ಕಣ್ಣೊಳಗೆ ಹೋಗುತ್ತದೆ, ಮೆದುಳು ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಮಂದ ಬೆಳಕಿನಲ್ಲಿ ಸ್ವಲ್ಪ ತೇಲಿದ ಹಾಗೆ ಕಾಣಬಹುದು. ನಿಮಗೆ ಈಗಲೇ ಇವೆಲ್ಲ ಬೇಕಾಗದೆಯೂ ಇರಬಹುದು. ಲೆನ್ಸ್ ಹಾಕಿ ಓದಿ ನೋಡಿದ ಮೇಲೆ ತೀರ್ಮಾನಿಸಿ.

ನಿಮ್ಮ ಅತ್ತೆಯವರ ಭಯಕ್ಕೆ ಉತ್ತರ ಸುಲಭ. ಬಿಳಿಗುಡ್ಡೆಯನ್ನು ಹೊದ್ದಿರುವ ತೆಳು ಪೊರೆ ಮೇಲೂ ಕೆಳಗೂ ಮಡಚಿಕೊಂಡು ರೆಪ್ಪೆಯ ಒಳಭಾಗಕ್ಕೆ ಸೇರುತ್ತದೆ. ಅದೊಂದು ಚೀಲ, ಹಿಂದಕ್ಕೆ ದಾರಿಯೇ ಇಲ್ಲ. ಲೆನ್ಸ್ ಮೇಲಿನ ರೆಪ್ಪೆಯಡಿ ಸರಿದು ಮಡಚಿಕೊಳ್ಳುವುದುಂಟು. ಆಗ ಕಾಣುವುದಿಲ್ಲ, ಕಿರಿಕಿರಿಯಾಗುತ್ತದೆ. ಲೆನ್ಸ್‌ಗೆ ಹಾಕಬಹುದಾದ ಹನಿ ಎರಡು ಬಿಟ್ಟು, ಕೆಳಗೆ ನೋಡುತ್ತಾ ಕಣ್ಣು ಮುಚ್ಚಿ ರೆಪ್ಪೆಯನ್ನು ಮೆಲ್ಲಗೆ ಸವರಿದರೆ ಬರುತ್ತದೆ. ಬರದಿದ್ದರೆ ಕೆದಕಬೇಡಿ, ನಮ್ಮಂಥವರ ಹತ್ತಿರ ಬನ್ನಿ. ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಆದರೆ ‘ಅಪಾಯ ಇದೆಯಾ’ ಅಂತ ಕೇಳಿದ್ದೀರಲ್ಲ, ಅದಕ್ಕೆ ಇಲ್ಲ ಅಂತ ಹೇಳಲಾರೆ. ನಿಜವಾದ ಅಪಾಯ ಒಂದಿದೆ. ಅದು ಕಾರ್ನಿಯಾದ ಸೋಂಕು.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಪಾರದರ್ಶಕ ಇರುತ್ತಿರಲಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ನೇರ ಗಾಳಿಯಿಂದ, ಕಣ್ಣೀರಲ್ಲಿ ಕರಗಿ ಬರುತ್ತದೆ. 1888ರಲ್ಲಿ ಅಡಾಲ್ಫ್ ಫಿಕ್ ಮಾಡಿದ ಗಾಜಿನ ಲೆನ್ಸನ್ನು ಒಂದೆರಡು ಗಂಟೆಗಿಂತ ಹೆಚ್ಚು ಹಾಕಲಾಗುತ್ತಿರಲಿಲ್ಲ. ಬಿಳಿಗುಡ್ಡೆಯನ್ನೂ ಮುಚ್ಚುವಷ್ಟು ದೊಡ್ಡ ಗಾಜು ಅದು, ಗಾಳಿ ಹಾಯುತ್ತಲೇ ಇರಲಿಲ್ಲ. ನೀರು ಹೀರುವ ಮೆತ್ತನೆಯ ಪ್ಲಾಸ್ಟಿಕ್‌ನಿಂದ ಲೆನ್ಸ್ ಎರಕ ಹೊಯ್ಯುವ ಯಂತ್ರವನ್ನು ಚೆಕ್ ರಸಾಯನ ವಿಜ್ಞಾನಿ ಓಟೋ ವಿಖ್ತರ್ಲೆ 1961ರ ಕೊನೆಯಲ್ಲಿ ಮನೆಯಲ್ಲೇ, ಮಕ್ಕಳ ಆಟದ ಜೋಡಣೆ ಸಾಮಾನಿನಿಂದ ಮಾಡಿದರು. ಈಗಿನ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್‌ಗಳಲ್ಲಿ ಆಮ್ಲಜನಕ ಇನ್ನೂ ಚೆನ್ನಾಗಿ ಹಾಯುತ್ತದೆ. ಇಷ್ಟೆಲ್ಲ ಆದರೂ ಕಣ್ಣು ಮುಚ್ಚಿದಾಗ ಕಾರ್ನಿಯಾಕ್ಕೆ ಸಿಗುವ ಆಮ್ಲಜನಕ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಲಗಿದಾಗ ರೆಪ್ಪೆ ಬಡಿಯುವುದಿಲ್ಲ, ಲೆನ್ಸ್‌ನಡಿಯ ಕಣ್ಣೀರು ಬದಲಾಗುವುದಿಲ್ಲ. ಕೊಳೆಯೂ ಸೂಕ್ಷ್ಮಜೀವಿಗಳೂ ಅಲ್ಲೇ ನಿಲ್ಲುತ್ತವೆ. ಲೆನ್ಸ್ ಹಾಕಿಕೊಂಡೇ ಮಲಗಿದರೆ ಸೋಂಕಿನ ಸಾಧ್ಯತೆ ಹಲವು ಪಟ್ಟು ಏರುವುದು ಹೀಗೆ. ಮಧ್ಯಾಹ್ನದ ಸಣ್ಣ ನಿದ್ದೆಗೂ ತೆಗೆಯಿರಿ.

ಇನ್ನೊಂದು ವೈರಿ ನೀರು. ನಲ್ಲಿ ನೀರು, ಈಜುಕೊಳದ ನೀರು, ಸ್ನಾನದ ನೀರು, ಕುದಿಸಿ ಆರಿಸಿದ ನೀರು, ಯಾವುದೂ ಲೆನ್ಸ್‌ಗೆ ತಾಗಬಾರದು. ಅಕಂತಮೀಬಾ ಎಂಬ ಸೂಕ್ಷ್ಮಜೀವಿ ನೀರಲ್ಲಿರುತ್ತದೆ. ಲೆನ್ಸ್ ಜೊತೆ ಸೇರಿ ಕಾರ್ನಿಯಾ ಹೊಕ್ಕರೆ ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವೊಮ್ಮೆ ಕಾರ್ನಿಯಾ ಕಸಿ. ಒಬ್ಬ ಕಾಲೇಜು ಹುಡುಗನ ನೆನಪು ನನಗೆ ಈಗಲೂ ಹೋಗಿಲ್ಲ. ಪ್ರವಾಸದಲ್ಲಿ ಲೆನ್ಸ್ ತೊಳೆದು ಇಡುವ ದ್ರಾವಣ ಮುಗಿದಿತ್ತು. ಎರಡು ರಾತ್ರಿ ಲೆನ್ಸನ್ನು ನಲ್ಲಿ ನೀರಲ್ಲಿಟ್ಟಿದ್ದ. ಕಣ್ಣು ಉಳಿಯಿತು, ಆದರೆ ನಡುವೆ ಬಿಳಿ ಕಲೆ ನಿಂತುಬಿಟ್ಟಿತು. ಅವನಿಗೆ ಮುಂಚೆ ಯಾರೂ ಇದನ್ನು ಹೇಳಿಯೇ ಇರಲಿಲ್ಲ. ಅದೇ ನನಗೆ ಇವತ್ತಿಗೂ ನೋವು.

ಹಾಗಾಗಿ ನಿಮಗೆ ನಾನು ಹೇಳುವುದು ದಿನಕ್ಕೊಂದು ಜೊತೆ ಹಾಕಿ ಬಿಸಾಡುವ ಲೆನ್ಸ್. ಬಲಗಣ್ಣಿಗೆ ಸಾದಾ, ಎಡಗಣ್ಣಿಗೆ ಟೋರಿಕ್. ಡಬ್ಬಿಯೂ ಇಲ್ಲ, ದ್ರಾವಣವೂ ಇಲ್ಲ, ತಪ್ಪು ಮಾಡುವ ದಾರಿಗಳೇ ಕಡಿಮೆ. ತಿಂಗಳ ಲೆನ್ಸ್ ಆರಿಸಿದರೆ ಅಂಗೈಯಲ್ಲಿ ದ್ರಾವಣ ಹಾಕಿ ಉಜ್ಜಿ ತೊಳೆಯಲೇಬೇಕು. ನಿನ್ನೆಯ ದ್ರಾವಣದ ಮೇಲೆ ಹೊಸದನ್ನು ಸುರಿಯಬಾರದು. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಬೇಕು. ಯಾವುದೇ ಆದರೂ ಕೈ ಸೋಪಿನಲ್ಲಿ ತೊಳೆದು, ಪೂರ್ತಿ ಒರೆಸಿದ ಮೇಲೆಯೇ ಮುಟ್ಟಿ. ಕಾಡಿಗೆ, ಮೇಕಪ್ ಲೆನ್ಸ್ ಹಾಕಿದ ನಂತರ.

ಕನ್ನಡಕವನ್ನು ಬಿಟ್ಟೇಬಿಡಬೇಡಿ. ಈಗಿನ ಪವರ್‌ನ ಒಂದು ಕನ್ನಡಕ ಯಾವಾಗಲೂ ಕೈಗೆ ಸಿಗುವಂತಿರಲಿ. ಅದು ಇಲ್ಲದವರೇ ಕಣ್ಣು ಕೆಂಪಾದರೂ ಬೇರೆ ದಾರಿಯಿಲ್ಲದೆ ಲೆನ್ಸ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಕೆಂಪು, ನೋವು, ಬೆಳಕು ನೋಡಲಾಗದಿರುವುದು, ಗೀಜು, ಮಸುಕು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಲೆನ್ಸ್ ತೆಗೆಯಿರಿ. ತೆಗೆದ ಮೇಲೂ ಕಡಿಮೆಯಾಗದಿದ್ದರೆ ಅವತ್ತೇ ಕಣ್ಣಿನ ವೈದ್ಯರಿಗೆ ತೋರಿಸಿ. ಆ ಲೆನ್ಸನ್ನು ಬಿಸಾಡದೆ ಜೊತೆಗೆ ಒಯ್ಯಿರಿ, ಪರೀಕ್ಷೆಗೆ ಬೇಕಾಗಬಹುದು. ಮನೆಯಲ್ಲಿ ಉಳಿದಿರುವ ಯಾವುದೋ ಹನಿ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಸೋಂಕು ಒಳಗೊಳಗೇ ಬೆಳೆಯುತ್ತದೆ.

ಮೈನಸ್ 6 ಅಂದರೆ ಉದ್ದ ಕಣ್ಣು ಅಂದೆನಲ್ಲ, ಆ ಉದ್ದಕ್ಕೆ ರೆಟಿನಾ ಎಳೆದು ತೆಳ್ಳಗಾಗಿರುತ್ತದೆ. ಲೆನ್ಸ್ ಹಾಕಿದರೂ, ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆ ಲೇಸಿಕ್ ಮಾಡಿಸಿದರೂ ಇದು ಬದಲಾಗುವುದಿಲ್ಲ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ರೆಟಿನಾ ನೋಡಿಸಿಕೊಳ್ಳಿ. ಇದ್ದಕ್ಕಿದ್ದಂತೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪಕ್ಕದಿಂದ ಪರದೆ ಎಳೆದ ಹಾಗೆ ಕಂಡರೆ ಒಂದು ದಿನವೂ ಕಾಯಬೇಡಿ.

ಮಗಳ ವಿಷಯ. ಹನ್ನೊಂದು ವರ್ಷಕ್ಕೆ ಲೆನ್ಸ್ ಹಾಕಬಾರದು ಅಂತೇನಿಲ್ಲ. ತಾನೇ ಹಾಕಿ ತೆಗೆಯುವ, ಕೈ ತೊಳೆಯುವ ಜವಾಬ್ದಾರಿ ಅವಳಿಗಿದೆಯಾ ಅನ್ನುವುದು ವಯಸ್ಸಿಗಿಂತ ಮುಖ್ಯ. ಸಾದಾ ಲೆನ್ಸ್ ಅವಳ ಪವರ್ ಏರುವುದನ್ನು ತಡೆಯುವುದಿಲ್ಲ. ಆದರೆ ಅದಕ್ಕೆಂದೇ ಮಾಡಿದ ಲೆನ್ಸ್‌ಗಳಿವೆ. ಅವು ನಡುವೆ ಸ್ಪಷ್ಟ ಚಿತ್ರ ಕೊಡುತ್ತಾ, ಉಳಿದ ಕೆಲವು ವಲಯಗಳಲ್ಲಿ ಬೆಳಕನ್ನು ಪರದೆಗಿಂತ ಮುಂದೆ ಸೇರಿಸಿ ಕಣ್ಣು ಉದ್ದವಾಗುವ ವೇಗ ತಗ್ಗಿಸುತ್ತವೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇಂಥದ್ದೊಂದು ಲೆನ್ಸನ್ನು 8ರಿಂದ 12 ವರ್ಷದೊಳಗೆ ಶುರುಮಾಡುವ ಮಕ್ಕಳಿಗೆ ಒಪ್ಪಿತು. ರಾತ್ರಿ ಹಾಕಿ ಬೆಳಗ್ಗೆ ತೆಗೆಯುವ ಆರ್ಥೋ-ಕೆ ಎಂಬ ಗಟ್ಟಿ ಲೆನ್ಸೂ ಇದೆ. ಅದು ಕಾರ್ನಿಯಾವನ್ನು ತಾತ್ಕಾಲಿಕವಾಗಿ ಚಪ್ಪಟೆ ಮಾಡುತ್ತದೆ. ಆದರೆ ಮಲಗಿದಾಗ ಹಾಕುವ ಲೆನ್ಸ್ ಅದು, ಮೇಲೆ ಹೇಳಿದ ಸೋಂಕಿನ ಭಯ ಅಲ್ಲೂ ಇದೆ. ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಕನ್ನಡಕಗಳೂ ಇವೆ. ಯಾವುದೂ ಬಂದ ಪವರನ್ನು ವಾಪಸ್ ಇಳಿಸುವುದಿಲ್ಲ, ಏರುವುದನ್ನು ನಿಧಾನ ಮಾಡುತ್ತವೆ. ದಿನಾ ಎರಡು ಗಂಟೆಯಾದರೂ ಹೊರಗೆ ಬೆಳಕಿನಲ್ಲಿ ಆಡಲಿ, ಅದೂ ಒಳ್ಳೆಯದೇ.

ಅವಳನ್ನು ತೋರಿಸಲು ಹೋಗುವಾಗ ಇದುವರೆಗಿನ ಎಲ್ಲ ಚೀಟಿಗಳನ್ನೂ ಒಯ್ಯಿರಿ. ಪವರ್ ಎಷ್ಟು ತಿಂಗಳಿಗೆ ಎಷ್ಟು ಏರಿದೆ ಅನ್ನೋದು ಅದರಲ್ಲಿ ಸಿಗುತ್ತದೆ. ಸಾಧ್ಯವಿದ್ದರೆ ಕಣ್ಣಿನ ಉದ್ದವನ್ನೂ ಅಳೆಸಿ ಬರೆದಿಟ್ಟುಕೊಳ್ಳಿ. ಆರು ತಿಂಗಳ ನಂತರ ಅದೇ ಯಂತ್ರದಲ್ಲಿ ಮತ್ತೆ ಅಳೆಸಿ. ಏನು ಮಾಡಬೇಕು ಅನ್ನುವುದನ್ನು ನಿಮ್ಮ ವೈದ್ಯರು ಆ ಎರಡು ಸಂಖ್ಯೆ ನೋಡಿ ಹೇಳಬಲ್ಲರು.